ಕರುಳಿನ ನಂಜನ್ನು ಕಂಡವರು : ರೋಗಶಾಸ್ತ್ರಜ್ಞ ಡಾ. ಶಂಭುನಾಥ ದೇ

ವಯನಾಡಿನ ಬೆಟ್ಟಗಳಲ್ಲಿ ಹುಟ್ಟುವ ಕಪಿಲಾ ನದಿ ಹೆಗ್ಗಡದೇವನಕೋಟೆಯ ಸೀಮೆಯನ್ನು ದಾಟಿ, ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ಬಳಸಿ, ಸುತ್ತೂರಿನ ದಂಡೆಯನ್ನು ತೊಳೆದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ನದಿಯ ಉದ್ದಕ್ಕೂ ಜನರು ಮಿಂದಿದ್ದಾರೆ, ಬಟ್ಟೆ ಒಗೆದಿದ್ದಾರೆ, ದನಕರುಗಳ ಮೈ ತೊಳೆದಿದ್ದಾರೆ. ಅದೇ ನೀರನ್ನು ತೀರ್ಥವೆಂದು ಕುಡಿದೂ ಇದ್ದಾರೆ. ನಂಜನಗೂಡಿನ ದೊಡ್ಡ ಜಾತ್ರೆಯ ಪಂಚರಥಗಳನ್ನು ಎಳೆಯಲು ಬರುವ ಸಹಸ್ರಾರು ಭಕ್ತರು ಇಂದಿಗೂ ಮೊದಲು ಇಳಿಯುವುದು ಕಪಿಲೆಯ ಸೋಪಾನಗಳನ್ನೇ.

ನಂಜನ್ನು ಉಂಡವನು ನಂಜುಂಡ. ಅವನಿರುವ ಊರು ನಂಜನಗೂಡು. ಟಿಪ್ಪುಸುಲ್ತಾನನ ಆನೆಯ ಕಣ್ಣುಬೇನೆ ಈ ದೇವರ ದಯೆಯಿಂದ ವಾಸಿಯಾಯಿತೆಂದೂ, ಅಂದಿನಿಂದ ಸುಲ್ತಾನನು ಸ್ವಾಮಿಯನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಪ್ರತೀತಿಯಿದೆ. ‘ನಂಜು’ ಎಂಬುದು ಅಚ್ಚಗನ್ನಡದ ಮಾತು. ಹಾವಿನ ವಿಷವೂ ನಂಜೇ, ಗಾಯವು ಕೀತು ಬಾವು ಕಟ್ಟಿದರೂ ನಂಜೇ. ಕಣ್ಣಿಗೆ ಕಾಣದೆ ಒಳಹೊಕ್ಕು ದೇಹವನ್ನು ಕೆಡಿಸುವುದು ಯಾವುದೋ ಅದು ನಂಜು. ಹಿಂದಿನ ತಲೆಮಾರುಗಳವರು ಅತ್ಯಂತ ಭಯದಿಂದ ಕಂಡ ವಾಂತಿಭೇದಿ, ಅಂದರೆ ಕಾಲರಾ, ಅಂತಹುದೇ ಒಂದು ನಂಜಿನ ಕೆಲಸವೆಂಬುದು ಖಚಿತವಾಗಿ ಸಿದ್ಧಪಟ್ಟದ್ದು ೧೯೫೯ರಲ್ಲಿ. ಸಿದ್ಧಪಡಿಸಿದವರು ವಿದೇಶದ ದೊಡ್ಡ ಸಂಸ್ಥೆಯವರಲ್ಲ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತ, ಶವಪರೀಕ್ಷೆ ನಡೆಸುತ್ತ ಇದ್ದ ರೋಗಶಾಸ್ತ್ರದ ಪ್ರಾಧ್ಯಾಪಕ ಡಾ. ಶಂಭುನಾಥ ದೇ. ನದೀತೀರದಲ್ಲಿ ಬಾಳುವ ಪ್ರತಿಯೊಂದು ಮನೆಗೂ ಉಪಕಾರ ಮಾಡಿದ ಈ ಮಹನೀಯರ ಹೆಸರು ಜನಸಾಮಾನ್ಯರಿಗಿರಲಿ, ವಿದ್ಯಾವಂತರಲ್ಲಿಯೂ ಅನೇಕರಿಗೆ ತಿಳಿಯದು.

ಶವಪರೀಕ್ಷೆಯ ಶಾಸ್ತ್ರ

ಶವಪರೀಕ್ಷೆ ಎಂದೊಡನೆ ಜನರ ಮನಸ್ಸಿಗೆ ಬರುವುದು ಪೋಲೀಸು, ಪಂಚನಾಮೆ ಮತ್ತು ನ್ಯಾಯಾಲಯ. ಆದರೆ ಅಪಮೃತ್ಯುವಿನ ಕಾರಣವನ್ನು ಕಾನೂನಿಗಾಗಿ ಶೋಧಿಸುವುದು ಒಂದು ಬಗೆ. ಆಸ್ಪತ್ರೆಯಲ್ಲಿ ರೋಗದಿಂದ ಮಡಿದವರ ದೇಹವನ್ನು ಬಂಧುಗಳ ಒಪ್ಪಿಗೆಯ ಮೇಲೆ ಪರೀಕ್ಷಿಸಿ, ಆ ರೋಗವು ಒಳಗಿನ ಅಂಗಾಂಗಗಳಲ್ಲಿ ಏನನ್ನು ಮಾಡಿತು ಎಂದು ಅರಿಯುವುದು ಮತ್ತೊಂದು ಬಗೆ. ಈ ಎರಡನೆಯದೇ ರೋಗಶಾಸ್ತ್ರದ, ಅಂದರೆ ಪೆಥಾಲಜಿಯ, ತಳಹದಿ. ಇಟಲಿಯ ಪಾಡುವಾ ನಗರದ ಮೊರ್ಗಾಗ್ನಿ ಎಂಬ ವೈದ್ಯರು ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ೧೭೬೧ರಲ್ಲಿ, ಸುಮಾರು ಏಳುನೂರು ಶವಪರೀಕ್ಷೆಗಳ ವಿವರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ರೋಗವೆಂಬುದು ದೇಹದಲ್ಲೆಲ್ಲ ಹರಡಿದ ಯಾವುದೋ ದೋಷವಲ್ಲ, ಅದಕ್ಕೊಂದು ನೆಲೆಯಿದೆ, ಆ ನೆಲೆಯನ್ನು ಅಂಗಾಂಗಗಳಲ್ಲಿ ತೋರಿಸಬಹುದು ಎಂಬ ತಿಳಿವಳಿಕೆ ಅಲ್ಲಿಂದ ಬೇರೂರಿತು. ಮುಂದೆ ಸೂಕ್ಷ್ಮದರ್ಶಕ ಬಂದ ಮೇಲೆ ಅಂಗಾಂಶದ ತೆಳುಪದರಗಳನ್ನು ಕತ್ತರಿಸಿ, ಬಣ್ಣ ಕಟ್ಟಿ, ಜೀವಕೋಶಗಳ ಮಟ್ಟದಲ್ಲಿಯೇ ರೋಗದ ಗುರುತುಗಳನ್ನು ಓದುವುದು ಸಾಧ್ಯವಾಯಿತು.

ಆದರೆ ಈ ಶಾಸ್ತ್ರಕ್ಕೆ ಒಂದು ಮಿತಿಯಿದೆ. ಕರುಳಿನ ವಿಷಯದಲ್ಲಿ ಆ ಮಿತಿ ಬಹಳ ದೊಡ್ಡದು. ದೇಹದ ಅಂಗಗಳಲ್ಲೆಲ್ಲ ಸಾವಿನ ನಂತರ ಬಲುಬೇಗ ಕೆಡುವವುಗಳಲ್ಲಿ ಕರುಳೂ ಒಂದು. ಆಹಾರವನ್ನು ಜೀರ್ಣಿಸುವ ರಸಗಳು ಅಲ್ಲಿಯೇ ಇವೆ, ಕೋಟ್ಯನುಕೋಟಿ ಜೀವಾಣುಗಳೂ ಅಲ್ಲಿಯೇ ಇವೆ. ಪ್ರಾಣ ಹೋದ ಕೆಲವೇ ಗಂಟೆಗಳಲ್ಲಿ ಆ ರಸಗಳು ಕರುಳಿನ ಒಳಮೈಯ ಲೋಳೆಪೊರೆಯನ್ನೇ ಜೀರ್ಣಿಸತೊಡಗುತ್ತವೆ. ಉಷ್ಣಪ್ರದೇಶಗಳಲ್ಲಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಆದ್ದರಿಂದ ತಡವಾಗಿ ತೆರೆದ ಶವದ ಕರುಳಿನಲ್ಲಿ ಕಾಣುವ ಹಾನಿ ರೋಗ ಮಾಡಿದ್ದೋ, ಸಾವು ಮಾಡಿದ್ದೋ ಎಂದು ವಿಂಗಡಿಸುವುದು ಕಷ್ಟ. ಕಾಲರಾ ರೋಗದ ವಿಚಾರದಲ್ಲಿ ವೈದ್ಯಲೋಕವು ಬಹುಕಾಲ ದಾರಿ ತಪ್ಪಿದ್ದು ಈ ಕಾರಣದಿಂದಲೇ.

ಹಳೆಯ ತಿಳಿವಳಿಕೆ, ಹಳೆಯ ತಪ್ಪು

೧೮೫೪ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಕಾಲರಾ ಹಬ್ಬಿದಾಗ ಫಿಲಿಪ್ಪೊ ಪಚೀನಿ ಎಂಬ ಅಂಗರಚನಾಶಾಸ್ತ್ರಜ್ಞರು ಮೃತರ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಅಲ್ಪವಿರಾಮದಂತೆ ಬಾಗಿದ ಸೂಕ್ಷ್ಮಜೀವಿಗಳನ್ನು ಕಂಡರು. ಅದೇ ವರ್ಷ ಲಂಡನ್ನಿನಲ್ಲಿ ಜಾನ್ ಸ್ನೋ ಎಂಬ ವೈದ್ಯರು ರೋಗವು ಕುಡಿಯುವ ನೀರಿನಿಂದ ಹರಡುವುದೆಂದು ತೋರಿಸಿದರು. ಇಬ್ಬರ ಮಾತಿಗೂ ಆಗ ಮನ್ನಣೆ ದೊರೆಯಲಿಲ್ಲ. ಮೂವತ್ತು ವರ್ಷಗಳ ನಂತರ ಜರ್ಮನಿಯ ರಾಬರ್ಟ್ ಕಾಖ್ ಮೊದಲು ಈಜಿಪ್ಟಿನಲ್ಲಿಯೂ ಬಳಿಕ, ೧೮೮೪ರಲ್ಲಿ, ಕಲ್ಕತ್ತೆಯಲ್ಲಿಯೂ ಶವಪರೀಕ್ಷೆಗಳನ್ನು ನಡೆಸಿ, ಈ ಬಾಗಿದ ರೋಗಾಣುವೇ ಕಾಲರಾಕ್ಕೆ ಕಾರಣವೆಂದು ಘೋಷಿಸಿದರು. ರೋಗಾಣು ಯಾವುದೋ ವಿಷವನ್ನು ಸ್ರವಿಸುತ್ತಿರಬೇಕೆಂದೂ ಅವರು ಊಹಿಸಿದ್ದರು. ಆದರೆ ಆ ವಿಷವನ್ನು ತೋರಿಸುವುದು ಅವರಿಂದಾಗಲಿಲ್ಲ. ಪ್ರಾಣಿಗಳಲ್ಲಿ ಮನುಷ್ಯರ ಕಾಲರಾವನ್ನೇ ಹೋಲುವ ರೋಗವನ್ನು ಉಂಟುಮಾಡುವುದೂ ಆಗಲಿಲ್ಲ.

ಅವರ ನಂತರ ಬಂದವರು ಎರಡು ತಪ್ಪು ದಾರಿಗಳನ್ನು ಹಿಡಿದರು. ಮೊದಲನೆಯದು, ವಿಷವು ರೋಗಾಣುವಿನ ಮೈಯೊಳಗೆ ಅಡಗಿದ್ದು ಅದು ಸತ್ತು ಒಡೆದಾಗ ಮಾತ್ರ ಹೊರಬರುತ್ತದೆಂಬ ಎಣಿಕೆ. ಆದ್ದರಿಂದ ರೋಗಾಣುಗಳನ್ನು ಅರೆದು, ಪ್ರಾಣಿಗಳ ರಕ್ತಕ್ಕೆ ಅಥವಾ ಹೊಟ್ಟೆಯ ಪೊರೆಯೊಳಗೆ ಚುಚ್ಚಿ ನೋಡಿದರು. ಪ್ರಾಣಿಗಳೇನೋ ಸಾಯುತ್ತಿದ್ದುವು, ಆದರೆ ಭೇದಿಯಾಗಿ ಸಾಯುತ್ತಿರಲಿಲ್ಲ. ಎರಡನೆಯದು, ಕಾಲರಾದಲ್ಲಿ ಕರುಳಿನ ಒಳಪೊರೆಯೇ ಕಿತ್ತುಹೋಗುತ್ತದೆ, ಸುಟ್ಟ ಚರ್ಮದಿಂದ ನೀರು ಒಸರುವಂತೆ ಅಲ್ಲಿಂದ ದೇಹದ ದ್ರವವೆಲ್ಲ ಸುರಿದುಹೋಗುತ್ತದೆ ಎಂಬ ನಂಬಿಕೆ. ಶವಗಳ ಕರುಳಿನಲ್ಲಿ ಪೊರೆಯು ಚಿಂದಿಯಾಗಿ ಕಳಚಿರುವುದನ್ನು ಅನೇಕರು ಕಂಡಿದ್ದರಿಂದ ಈ ನಂಬಿಕೆ ಪಠ್ಯಗ್ರಂಥಗಳಲ್ಲಿ ಭದ್ರವಾಗಿ ಕುಳಿತಿತು. ಅಮೆರಿಕದ ರೋಗಶಾಸ್ತ್ರಜ್ಞ ಗುಡ್‌ಪಾಶ್ಚರ್ ೧೯೨೩ರಲ್ಲಿ, ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ನಡೆಸಿದ ಅಧ್ಯಯನವನ್ನು ಆಧರಿಸಿ, ಸತ್ತೊಡನೆ ತೆರೆದ ದೇಹಗಳಲ್ಲಿ ಪೊರೆ ಕಳಚಿರುವುದಿಲ್ಲವೆಂದು ಬರೆದರು. ಆದರೂ ಹಳೆಯ ಮಾತೇ ಉಳಿಯಿತು.

ಈ ತಪ್ಪು ಕೇವಲ ಪುಸ್ತಕದ ತಪ್ಪಾಗಿರಲಿಲ್ಲ. ಕರುಳಿನ ಪೊರೆಯೇ ಇಲ್ಲವೆಂದ ಮೇಲೆ ಬಾಯಿಂದ ಕುಡಿಸಿದ ನೀರನ್ನು ಹೀರಿಕೊಳ್ಳುವವರಾರು? ರೋಗಿಗೆ ನೀರು ಕುಡಿಸಿ ಪ್ರಯೋಜನವಿಲ್ಲವೆಂಬ ತೀರ್ಮಾನಕ್ಕೆ ಅದು ಆಸರೆಯಾಯಿತು. ಹಳ್ಳಿಗಳಲ್ಲಿಯೂ ‘ಭೇದಿಯಾದವರಿಗೆ ನೀರು ಕೊಡಬಾರದು’ ಎಂಬ ಮಾತು ಬಳಕೆಯಲ್ಲಿತ್ತು. ದಾಹ, ದಾಹ ಎಂದು ಬಾಯಾರಿ ಎಷ್ಟು ಮಂದಿ ಕಣ್ಣು ಮುಚ್ಚಿದರೋ ಲೆಕ್ಕವಿಟ್ಟವರಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಶಂಭುನಾಥ ದೇ ಅವರು ಹುಟ್ಟಿದ್ದು ೧೯೧೫ರ ಫೆಬ್ರುವರಿ ೧ರಂದು, ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ. ತಂದೆ ಸಣ್ಣ ವ್ಯಾಪಾರಿ. ಮನೆಯ ಸ್ಥಿತಿ ಸಾಧಾರಣ. ಹುಡುಗನ ಓದಿಗೆ ನೆರವಾದವರು ತಂದೆಯ ಸಹೋದರರು. ಶಾಲೆಯ ಅಂತಿಮ ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆ ಹೊಂದಿ, ವಿದ್ಯಾರ್ಥಿವೇತನ ಪಡೆದು, ಹೂಗ್ಲಿ ಮೊಹ್ಸಿನ್ ಕಾಲೇಜಿಗೆ ಸೇರಿದರು. ಅಲ್ಲಿಂದ ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶ ದೊರೆತಾಗ ಆ ಮಹಾನಗರದಲ್ಲಿ ಅವರಿಗೆ ಆಶ್ರಯ ಕೊಟ್ಟವರು ಒಬ್ಬ ಉದಾರಿ ವರ್ತಕರು. ಒಬ್ಬ ಬಡ ವಿದ್ಯಾರ್ಥಿಯ ಅನ್ನ ವಸತಿಗಳಿಗೆ ನೆರವಾದವರಿಗೆ ತಾವು ಮಾಡಿದ ದಾನದ ಫಲ ಮುಂದೆ ಎಲ್ಲಿಗೆ ಮುಟ್ಟುವುದೆಂಬ ಅರಿವು ಇರಲಾರದು. ವಿದ್ಯಾದಾನದ ಲಕ್ಷಣವೇ ಅದು.

೧೯೩೯ರಲ್ಲಿ ದೇ ಅವರು ವೈದ್ಯಕೀಯ ಪದವಿ ಪಡೆದರು. ೧೯೪೨ರಲ್ಲಿ ಉಷ್ಣಪ್ರದೇಶದ ರೋಗಗಳಲ್ಲಿ ಡಿಪ್ಲೊಮಾ ಗಳಿಸಿದರು. ರೋಗಶಾಸ್ತ್ರದ ಅಧ್ಯಾಪಕರಾಗಿದ್ದಾಗಲೇ ಸಂಶೋಧನೆಯಲ್ಲಿ ಅವರಿಗೆ ಒಲವು ಮೂಡಿತ್ತು. ೧೯೪೭ರಲ್ಲಿ ಅವರು ಲಂಡನ್ನಿಗೆ ತೆರಳಿ, ಯೂನಿವರ್ಸಿಟಿ ಕಾಲೇಜ್ ಹಾಸ್ಪಿಟಲ್ ವೈದ್ಯಕೀಯ ಶಾಲೆಯಲ್ಲಿ ಹೆಸರಾಂತ ರೋಗಶಾಸ್ತ್ರಜ್ಞ ರಾಯ್ ಕ್ಯಾಮೆರಾನ್ ಅವರ ಬಳಿ ಎರಡು ವರ್ಷ ದುಡಿದು, ೧೯೪೯ರಲ್ಲಿ ಪಿಎಚ್.ಡಿ. ಪದವಿಯೊಡನೆ ಹಿಂದಿರುಗಿದರು. ಶವದಲ್ಲಿ ಕಂಡದ್ದನ್ನು ಅಲ್ಲಿಗೇ ಬಿಡದೆ, ಅದು ಹೇಗೆ ಉಂಟಾಯಿತೆಂಬುದನ್ನು ಪ್ರಾಣಿಪ್ರಯೋಗದಿಂದ ಒರೆಹಚ್ಚಿ ನೋಡಬೇಕೆಂಬ ಶಿಸ್ತು ಅವರಿಗೆ ಅಲ್ಲಿ ಮೈಗೂಡಿತು.

ಮೂತ್ರಪಿಂಡದಿಂದ ಕರುಳಿಗೆ

ದೇ ಅವರು ಕಲ್ಕತ್ತೆಗೆ ಮರಳಿದಾಗ ಆ ಊರಿನ ಆಸ್ಪತ್ರೆಗಳು ಕಾಲರಾ ರೋಗಿಗಳಿಂದ ತುಂಬುತ್ತಿದ್ದುವು. ರೋಗಿಗೆ ಅಕ್ಕಿ ತೊಳೆದ ಕಲಗಚ್ಚಿನಂತಹ ಭೇದಿ ಹಿಡಿದರೆ ಕೆಲವೇ ಗಂಟೆಗಳಲ್ಲಿ ಕಣ್ಣು ಗುಳಿಬಿದ್ದು, ಚರ್ಮ ಸುಕ್ಕಿ, ನಾಡಿ ಸಿಕ್ಕದಂತಾಗುತ್ತಿತ್ತು. ಉಲ್ಬಣಾವಸ್ಥೆಯಲ್ಲಿ ಒಂದು ಗಂಟೆಗೆ ಒಂದು ಲೀಟರಿನಷ್ಟು ದ್ರವವು ಹೊರಟುಹೋಗುವುದೂ ಉಂಟು. ಆ ಹಂತವನ್ನು ದಾಟಿ ಬದುಕಿದವರಲ್ಲಿ ಕೆಲವರು ಮೂತ್ರ ಕಟ್ಟಿ ಸಾಯುತ್ತಿದ್ದರು.

ದೇ ಅವರ ಶೋಧನೆ ಮೊದಲಾದದ್ದು ಈ ಮೂತ್ರಪಿಂಡಗಳಿಂದಲೇ. ಕಾಲರಾದಿಂದ ಮೃತರಾದವರ ಮೂತ್ರಪಿಂಡಗಳನ್ನು ಅವರು ಪರೀಕ್ಷಿಸಿದರು. ಕೆಲವು ದೇಹಗಳಲ್ಲಿ ಮೂತ್ರಪಿಂಡದ ಹೊರಪದರ ಪೂರ್ತಿಯಾಗಿ ಸತ್ತುಹೋಗಿರುವುದನ್ನು ಕಂಡು, ಸಹೋದ್ಯೋಗಿಗಳೊಡನೆ ೧೯೫೪ರಲ್ಲಿ ವರದಿ ಪ್ರಕಟಿಸಿದರು. ಆದರೆ ಮೂತ್ರಪಿಂಡದ ಹಾನಿ ಮೂಲವಲ್ಲ, ಪರಿಣಾಮ. ದೇಹದಲ್ಲಿ ದ್ರವ ಬತ್ತಿ ರಕ್ತ ಸಾಲದೆ ಹೋದುದರಿಂದ ಅದು ಉಂಟಾಗುತ್ತದೆ. ಹಾಗಾದರೆ ದ್ರವವು ಬತ್ತುವುದೇಕೆ? ಅದು ಕರುಳಿಗೆ ಹರಿದುಹೋಗುವುದರಿಂದ. ಕರುಳಿಗೆ ಹರಿಯುವುದೇಕೆ? ಈ ಪ್ರಶ್ನೆಗೆ ಮಾತ್ರ ಶವವು ಉತ್ತರ ಕೊಡಲಾರದು. ಜೀವಂತ ಕರುಳಿನಲ್ಲಿಯೇ ಅದನ್ನು ನೋಡಬೇಕು.

ಮೊಲದ ಕರುಳಿನ ಪ್ರಯೋಗ

ಅದಕ್ಕಾಗಿ ಅವರು ಹೂಡಿದ ಪ್ರಯೋಗ ಅತ್ಯಂತ ಸರಳವಾದುದು. ಅರಿವಳಿಕೆ ಕೊಟ್ಟ ಮೊಲದ ಹೊಟ್ಟೆಯನ್ನು ತೆರೆದು, ಸಣ್ಣ ಕರುಳಿನಲ್ಲಿ ಗೇಣಿಗೂ ಕಡಿಮೆಯಾದ ಒಂದು ಭಾಗವನ್ನು ಎರಡು ಕಡೆ ದಾರದಿಂದ ಬಿಗಿದು ಕಟ್ಟುವುದು. ರಕ್ತನಾಳಗಳಿಗೆ ಧಕ್ಕೆ ಬಾರದಿರುವುದರಿಂದ ಆ ಭಾಗವು ಜೀವಂತವಾಗಿಯೇ ಇರುತ್ತದೆ. ಹೀಗೆ ಮುಚ್ಚಿದ ಚೀಲದಂತಾದ ಕರುಳಿನೊಳಕ್ಕೆ ಕಾಲರಾ ರೋಗಾಣುಗಳಿರುವ ದ್ರವವನ್ನು ಚುಚ್ಚಿ, ಕರುಳನ್ನು ಸ್ವಸ್ಥಾನದಲ್ಲಿಟ್ಟು ಹೊಟ್ಟೆಯನ್ನು ಹೊಲಿದುಬಿಡುವುದು. ಹೋಲಿಕೆಗಾಗಿ ಬೇರೊಂದು ಭಾಗವನ್ನು ಕಟ್ಟಿ ರೋಗಾಣುವಿಲ್ಲದ ದ್ರವವನ್ನಷ್ಟೇ ತುಂಬುವುದು. ಮರುದಿನ ನೋಡಿದರೆ ರೋಗಾಣು ಹೊಕ್ಕ ಭಾಗವು ನೀರು ತುಂಬಿದ ಬಲೂನಿನಂತೆ ಉಬ್ಬಿರುತ್ತಿತ್ತು. ಒಳಗಿನ ದ್ರವವು ಕಾಲರಾ ರೋಗಿಯ ಭೇದಿಯನ್ನೇ ಹೋಲುತ್ತಿತ್ತು. ಪಕ್ಕದ ಭಾಗವು ಮೊದಲಿನಂತೆಯೇ ಇರುತ್ತಿತ್ತು.

ಬೆಳೆದ ಮೊಲಗಳಿಗೆ ಕಾಲರಾ ರೋಗಾಣುವನ್ನು ಬಾಯಿಂದ ಉಣಿಸಿದರೆ ರೋಗ ಬರುವುದಿಲ್ಲವೆಂಬುದು ಹಿಂದಿನಿಂದಲೂ ಗೊತ್ತಿತ್ತು. ಕರುಳಿನ ಒಂದು ಭಾಗವನ್ನು ಕಟ್ಟಿದುದರಿಂದ ರೋಗಾಣು ಜಠರದ ಆಮ್ಲಕ್ಕೆ ಸಿಲುಕದೆ, ಮುಂದಕ್ಕೆ ಜಾರಿಹೋಗದೆ, ಒಂದೆಡೆ ನಿಂತು ತನ್ನ ಕೆಲಸ ಮಾಡಲು ಅವಕಾಶವಾಯಿತು. ೧೯೧೫ರಲ್ಲಿಯೇ ಇಂತಹ ಪ್ರಯೋಗವೊಂದು ನಡೆದು ಮರೆತುಹೋಗಿತ್ತು. ದೇ ಅವರು ಅದನ್ನು ಸ್ವತಂತ್ರವಾಗಿ ಮತ್ತೆ ರೂಪಿಸಿ, ನಂಬಬಹುದಾದ ಪರೀಕ್ಷೆಯನ್ನಾಗಿ ಮಾಡಿದರು. ಸಹೋದ್ಯೋಗಿ ಚಟರ್ಜಿಯವರೊಡನೆ ಬರೆದ ಈ ಪ್ರಬಂಧ ೧೯೫೩ರಲ್ಲಿ ಇಂಗ್ಲೆಂಡಿನ ರೋಗಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟವಾಯಿತು. ೧೯೫೬ರಲ್ಲಿ, ಭೇದಿಯಿಂದ ನರಳುತ್ತಿದ್ದವರ ಮಲದಿಂದ ತೆಗೆದ ಇ. ಕೋಲಿ ಎಂಬ ಸಾಮಾನ್ಯ ಜೀವಾಣುವಿನ ಕೆಲವು ತಳಿಗಳೂ ಮೊಲದ ಕರುಳನ್ನು ಹೀಗೆಯೇ ಉಬ್ಬಿಸುವುವೆಂದು ಅವರು ತೋರಿಸಿದರು. ಎಳೆಯ ಮಕ್ಕಳ ಭೇದಿಗೆ ಈ ತಳಿಗಳು ಎಷ್ಟು ದೊಡ್ಡ ಕಾರಣವೆಂಬುದು ಲೋಕಕ್ಕೆ ಮನವರಿಕೆಯಾದದ್ದು ಅದರ ಎಷ್ಟೋ ವರ್ಷಗಳ ಮೇಲೆ.

ನಂಜು ಸಿಕ್ಕಿತು

೧೯೫೫ರಲ್ಲಿ ದೇ ಅವರು ಕಲ್ಕತ್ತಾ ವೈದ್ಯಕೀಯ ಕಾಲೇಜಿನ ರೋಗಶಾಸ್ತ್ರ ಮತ್ತು ಜೀವಾಣುಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಉಳಿದಿದ್ದ ಪ್ರಶ್ನೆ ಒಂದೇ : ಕರುಳನ್ನು ಉಬ್ಬಿಸುವುದು ಜೀವಂತ ರೋಗಾಣುವೇ, ಅಥವಾ ಅದು ಹೊರಬಿಡುವ ಯಾವುದಾದರೂ ವಸ್ತುವೇ? ಅವರು ರೋಗಾಣುಗಳನ್ನು ಪೋಷಕ ದ್ರವದಲ್ಲಿ ಬೆಳೆಸಿ, ಆ ದ್ರವವನ್ನು ಒಂದು ರೋಗಾಣುವೂ ಉಳಿಯದಂತೆ ಸೋಸಿ, ಸೋಸಿದ ತಿಳಿಯನ್ನು ಮಾತ್ರ ಮೊಲದ ಕಟ್ಟಿದ ಕರುಳಿಗೆ ಹಾಕಿದರು. ಕರುಳು ಹಿಂದಿನಂತೆಯೇ ಉಬ್ಬಿತು. ರೋಗಾಣು ಇಲ್ಲ, ರೋಗವಿದೆ. ಅಂದಮೇಲೆ ಆ ತಿಳಿಯಲ್ಲಿದ್ದದ್ದು ರೋಗಾಣು ಹೊರಸೂಸಿದ ವಿಷ. ಕಾಖ್ ಊಹಿಸಿ ಮುಕ್ಕಾಲು ಶತಮಾನ ಯಾರ ಕೈಗೂ ಸಿಕ್ಕದೆ ಇದ್ದ ನಂಜು ಹೀಗೆ ಸಿಕ್ಕಿತು. ೧೯೫೯ರ ಮೇ ೩೦ರ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಪುಟ್ಟ ಪ್ರಬಂಧಕ್ಕೆ ದೇ ಒಬ್ಬರೇ ಕರ್ತೃ. ಅದೇ ವರ್ಷ ಮುಂಬಯಿಯ ಹಾಫ್‌ಕಿನ್ ಸಂಸ್ಥೆಯಲ್ಲಿ ಎನ್. ಕೆ. ದತ್ತ ಮತ್ತು ಸಂಗಡಿಗರು ಮೊಲದ ಮರಿಗಳಲ್ಲಿ ಬೇರೊಂದು ಕ್ರಮದಿಂದ ಕಾಲರಾ ವಿಷದ ಪಾತ್ರವನ್ನು ತೋರಿಸಿದರೆಂಬುದೂ ಸ್ಮರಣೀಯ.

ಹಿಂದಿನವರು ಎಡವಿದ ಜಾಗವನ್ನು ದೇ ಅವರು ದಾಟಿದ್ದು ಯಂತ್ರಬಲದಿಂದಲ್ಲ, ಯೋಚನೆಯ ಬಲದಿಂದ. ರೋಗವಿರುವುದು ಕರುಳಿನಲ್ಲಿ, ಆದ್ದರಿಂದ ವಿಷವನ್ನು ರಕ್ತಕ್ಕಲ್ಲ, ಕರುಳಿನ ಒಳಕ್ಕೇ ಹಾಕಿ ನೋಡಬೇಕು ಎಂಬುದೇ ಅವರ ತರ್ಕ. ಹೇಳಿದ ಮೇಲೆ ಇದು ಯಾರಿಗಾದರೂ ಹೊಳೆಯುವ ಮಾತು. ಹೇಳುವ ಮುನ್ನ ಹೊಳೆದದ್ದು ಕೆಲವರಿಗೆ ಮಾತ್ರ.

ಈ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸುವ ಕಾರ್ಯ ೧೯೬೯ರಲ್ಲಿ ಅಮೆರಿಕದ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲ್ಲುಟೊ ಅವರಿಂದ ಕೈಗೂಡಿತು. ಅದು ಎರಡು ಬಗೆಯ ಅಂಶಗಳುಳ್ಳ ಪ್ರೋಟೀನು. ಒಂದು ಅಂಶವು ಕರುಳಿನ ಜೀವಕೋಶದ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಇನ್ನೊಂದು ಒಳನುಗ್ಗಿ, ಕೋಶದ ದ್ರವನಿಯಂತ್ರಣದ ವ್ಯವಸ್ಥೆಯನ್ನು ನಲ್ಲಿಯ ತಿರುಪು ಮುರಿದಂತೆ ತೆರೆದ ಸ್ಥಿತಿಯಲ್ಲಿಯೇ ನಿಲ್ಲಿಸಿಬಿಡುತ್ತದೆ. ಆಗ ಕೋಶಗಳು ಲವಣವನ್ನು ಎಡೆಬಿಡದೆ ಕರುಳಿನೊಳಕ್ಕೆ ಸುರಿಸುತ್ತವೆ. ಲವಣದ ಹಿಂದೆಯೇ ನೀರೂ ಹರಿಯುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ವಿಷವು ಜೀವಕೋಶವನ್ನು ಕೊಲ್ಲುವುದಿಲ್ಲ, ಪೊರೆಯನ್ನು ಕೀಳುವುದೂ ಇಲ್ಲ.

ಪೊರೆ ಉಳಿದಿದೆಯೆಂಬ ಈ ಅಂಶಕ್ಕೆ ಜೀವಂತ ರೋಗಿಗಳಿಂದಲೇ ಸಾಕ್ಷ್ಯವೂ ದೊರೆಯಿತು. ನುಂಗಬಹುದಾದ ಒಂದು ಪುಟ್ಟ ಕೋಶದ ಸಹಾಯದಿಂದ ಕರುಳಿನ ಚೂರನ್ನು ತೆಗೆಯುವ ಉಪಾಯ ೧೯೫೭ರಲ್ಲಿ ಬಳಕೆಗೆ ಬಂದಿತ್ತು. ಗಂಗರೋಸ ಮತ್ತು ಸಂಗಡಿಗರು ಬ್ಯಾಂಕಾಕಿನ ಕಾಲರಾ ರೋಗಿಗಳಲ್ಲಿ ಇದನ್ನು ಬಳಸಿ, ಲೋಳೆಪೊರೆಯು ಕಳಚಿಲ್ಲವೆಂದು ೧೯೬೦ರಲ್ಲಿ ವರದಿ ಮಾಡಿದರು. ತಡವಾಗಿ ತೆರೆದ ಶವಗಳಲ್ಲಿ ಕಂಡಿದ್ದ ಚಿಂದಿಪೊರೆಯು ರೋಗದ ಗುರುತಲ್ಲ, ಸಾವಿನ ನಂತರದ ವಿಕಾರವೆಂಬುದು ಇದರಿಂದ ನಿಶ್ಚಯವಾಯಿತು.

ಉಪ್ಪು, ಸಕ್ಕರೆ, ನೀರು

ಪೊರೆ ಉಳಿದಿದ್ದರೆ ಅದು ಹೀರಿಕೊಳ್ಳಲೂ ಬಲ್ಲುದು. ವಿಷವು ಲವಣ ಸುರಿಸುವ ಬಾಗಿಲನ್ನು ತೆರೆದಿಟ್ಟಿದ್ದರೂ, ಗ್ಲೂಕೋಸಿನೊಡನೆ ಕೂಡಿಕೊಂಡು ಉಪ್ಪು ಒಳಕ್ಕೆ ಹೋಗುವ ಇನ್ನೊಂದು ಬಾಗಿಲು ಕೆಡದೆ ಉಳಿದಿರುತ್ತದೆ. ಉಪ್ಪುನೀರನ್ನಷ್ಟೇ ಕುಡಿಸಿದರೆ ಅದು ಹೀರಲ್ಪಡುವುದಿಲ್ಲ. ಅದಕ್ಕೆ ತಕ್ಕ ಪ್ರಮಾಣದಲ್ಲಿ ಗ್ಲೂಕೋಸು ಸೇರಿದರೆ ಉಪ್ಪೂ ನೀರೂ ಒಟ್ಟಿಗೆ ರಕ್ತವನ್ನು ಸೇರುತ್ತವೆ. ೧೯೬೮ರಲ್ಲಿ ಢಾಕಾದಲ್ಲಿ ನಾಲಿನ್ ಮತ್ತು ಕ್ಯಾಶ್ ಎಂಬ ವೈದ್ಯರು ಕಾಲರಾ ರೋಗಿಗಳಲ್ಲಿ ಈ ಚಿಕಿತ್ಸೆಯ ಯಶಸ್ಸನ್ನು ತೋರಿಸಿದರು. ೧೯೭೧ರ ಬಾಂಗ್ಲಾ ವಿಮೋಚನೆಯ ಕಾಲದಲ್ಲಿ ಗಡಿಯ ಬನಗಾಂವ್ ಊರಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನು ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು-ಗ್ಲೂಕೋಸಿನ ನೀರನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸುವ ಏರ್ಪಾಡು ಮಾಡಿದರು. ಶೇಕಡ ೩೦ರಷ್ಟಿದ್ದ ಸಾವು ಶೇಕಡ ೪ಕ್ಕಿಂತ ಕೆಳಗಿಳಿಯಿತು. ಮಹಲನಬಿಸ್ ಅವರು ೨೦೨೨ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಸಂದಿತು.

ಇಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಜೀವಜಲ’ವೆಂದೂ ಓ.ಆರ್.ಎಸ್. ಎಂದೂ ಕೊಡುವ ಪೊಟ್ಟಣ ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಂತೆ ಒಂದು ಲೀಟರ್ ನೀರಿಗೆ ಗ್ಲೂಕೋಸು ೧೩.೫ ಗ್ರಾಂ, ಅಡಿಗೆ ಉಪ್ಪು ೨.೬ ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ ೧.೫ ಗ್ರಾಂ, ಸಿಟ್ರೇಟ್ ೨.೯ ಗ್ರಾಂ ಅದರಲ್ಲಿರುತ್ತವೆ. ಪೊಟ್ಟಣ ಸಿಕ್ಕದಾಗ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ ಕುಡಿಸಬಹುದು. ಉಪ್ಪು ಹಾಕಿದ ಅಕ್ಕಿಯ ಗಂಜಿಯೂ ಇದೇ ತತ್ತ್ವದಿಂದ ಕೆಲಸ ಮಾಡುತ್ತದೆ. ಅಕ್ಕಿಯ ಪಿಷ್ಟವು ಕರುಳಿನಲ್ಲಿ ಗ್ಲೂಕೋಸಾಗುತ್ತದೆ. ಮನೆಯ ಹಿರಿಯ ಹೆಂಗಸರು ಕುಡಿಸುತ್ತಿದ್ದ ಗಂಜಿಗೆ ಶಾಸ್ತ್ರದ ಸಮರ್ಥನೆ ಹೀಗೆ ದೊರೆತಂತಾಯಿತು. ಆದರೆ ರೋಗಿಯು ಕುಡಿಯಲಾರದಷ್ಟು ಕುಸಿದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ದು ಸಲೈನು ಕೊಡಿಸುವುದೇ ಮಾರ್ಗ.

ಇನ್ನೊಂದು ಹಳೆಯ ಒಗಟೂ ಬಿಡಿಸಿಕೊಂಡಿತು. ಹಿಂದೆ ಭಾರತದ ದೊಡ್ಡ ಜಾತ್ರೆಗಳಿಗೆ ಬರುವವರ ತೋಳಿಗೆ ಕಾಲರಾ ಸೂಜಿ ಚುಚ್ಚುತ್ತಿದ್ದುದು ಹಿರಿಯರ ನೆನಪಿನಲ್ಲಿ ಇದ್ದೀತು. ಆ ಚುಚ್ಚುಮದ್ದು ಕೊಡುತ್ತಿದ್ದ ರಕ್ಷಣೆ ಅರೆಬರೆಯಾದುದು, ಅಲ್ಪಕಾಲದ್ದು. ರೋಗಾಣುವು ರಕ್ತಕ್ಕೆ ಇಳಿಯದೆ ಕರುಳಿನ ಒಳಮೈಯಲ್ಲಿಯೇ ಕುಳಿತು ವಿಷ ಸೂಸುವುದರಿಂದ ರಕ್ಷಣೆಯೂ ಅಲ್ಲಿಯೇ ಬೇಕು. ಈಗ ಬಳಕೆಯಲ್ಲಿರುವುವು ಬಾಯಿಂದ ಕುಡಿಸುವ ಲಸಿಕೆಗಳು.

ತಡವಾಗಿ ಬಂದ ಮನ್ನಣೆ

ಇಷ್ಟು ದೊಡ್ಡ ಶೋಧಕ್ಕೆ ಸಂದ ಗೌರವವಾದರೂ ಏನು? ೧೯೫೯ರ ಪ್ರಬಂಧ ಮೊದಲ ಕೆಲವು ವರ್ಷ ಹೆಚ್ಚಿನ ಗಮನವನ್ನೇ ಸೆಳೆಯಲಿಲ್ಲ. ದೇ ಅವರು ೧೯೭೩ರಲ್ಲಿ ನಿವೃತ್ತರಾದರು. ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. ದೊಡ್ಡ ಪ್ರಶಸ್ತಿಗಳು ಅವರ ಮನೆಯ ಬಾಗಿಲಿಗೆ ಬರಲಿಲ್ಲ. ೧೯೭೮ರಲ್ಲಿ ನೊಬೆಲ್ ಪ್ರತಿಷ್ಠಾನವು ಕಾಲರಾ ಮತ್ತು ಭೇದಿ ರೋಗಗಳ ಬಗ್ಗೆ ಸ್ವೀಡನ್ನಿನಲ್ಲಿ ಏರ್ಪಡಿಸಿದ ವಿಚಾರಗೋಷ್ಠಿಗೆ ಅವರನ್ನು ಆಹ್ವಾನಿಸಿದಾಗ, ಆ ಕ್ಷೇತ್ರದ ತರುಣ ವಿಜ್ಞಾನಿಗಳು ತಮ್ಮ ಶಾಸ್ತ್ರದ ಮೂಲಪುರುಷರನ್ನು ಕಂಡಂತಾಯಿತು. ೧೯೮೫ರ ಏಪ್ರಿಲ್ ೧೫ರಂದು ಅವರು ಕಾಲವಾದರು. ನೊಬೆಲ್ ಪ್ರಶಸ್ತಿ ಪುರಸ್ಕೃತ ಜಾಶುವಾ ಲೆಡರ್‌ಬರ್ಗ್ ಅವರು ದೇ ಅವರ ಹೆಸರನ್ನು ಆ ಪ್ರಶಸ್ತಿಗಾಗಿ ಸೂಚಿಸಿದ್ದರೆಂಬ ಸಂಗತಿ ಹಲವರಿಗೆ ತಿಳಿದದ್ದು ಆಮೇಲೆಯೇ.

ಆ ಮರೆವಿನಿಂದ ದೇ ಅವರ ಹೆಸರನ್ನು ಮೇಲೆತ್ತಿದ ಪ್ರಯತ್ನಗಳಲ್ಲಿ ಒಂದು ಕನ್ನಡನಾಡಿನಲ್ಲಿಯೇ ನಡೆಯಿತು. ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆ ೧೯೯೦ರ ಜುಲೈ ತಿಂಗಳಲ್ಲಿ ಒಂದು ವಿಶೇಷ ಸಂಚಿಕೆಯನ್ನು ಅವರ ಜೀವನ ಮತ್ತು ಸಾಧನೆಗೆ ಮೀಸಲಿರಿಸಿತು. ಸ್ವದೇಶದ ವಿಜ್ಞಾನಿಗಳೂ ವಿದೇಶದ ವಿಜ್ಞಾನಿಗಳೂ ಅದರಲ್ಲಿ ಬರೆದರು. ಬದುಕಿದ್ದಾಗ ಸಲ್ಲಬೇಕಾಗಿದ್ದ ಗೌರವ ಐದು ವರ್ಷ ತಡವಾಗಿಯಾದರೂ ಕಾಗದದ ಮೇಲೆ ಸಂದಿತು.

ಸಂಗಮದ ನೀರು

ನಂಜನಗೂಡಿನಲ್ಲಿ ನದಿಗೆ ಬಿದ್ದದ್ದು ತಿರುಮಕೂಡಲಿನ ಸಂಗಮವನ್ನು ಮುಟ್ಟದೆ ಇರದು. ಅಗಸ್ತ್ಯೇಶ್ವರ ಮತ್ತು ಗುಂಜಾ ನರಸಿಂಹಸ್ವಾಮಿಯ ಸನ್ನ��ಧಿಗಳಿರುವ ಆ ಕ್ಷೇತ್ರದಲ್ಲಿ ೧೯೮೯ರಿಂದ ಕುಂಭಮೇಳ ನಡೆದುಬಂದಿದೆ. ೨೦೨೫ರ ಫೆಬ್ರುವರಿಯಲ್ಲಿಯೂ ಭಕ್ತಸಮೂಹ ಅಲ್ಲಿ ಸೇರಿತ್ತು. ಇಂತಹ ಜನಸಂದಣಿಯಲ್ಲಿ ಕಾಲರಾ ಮಾರಿಯಾಗಿ ಹಬ್ಬದಂತೆ ತಡೆಯುವುದು ಕ್ಲೋರಿನ್ ಬೆರೆಸಿದ ಕುಡಿಯುವ ನೀರು, ಶೌಚಾಲಯಗಳ ವ್ಯವಸ್ಥೆ ಮತ್ತು ಸಿದ್ಧವಾಗಿಟ್ಟ ಜೀವಜಲದ ಪೊಟ್ಟಣಗಳು. ಆದರೆ ರೋಗ ಅಳಿದಿಲ್ಲ. ಒಡೆದ ಕೊಳವೆಯೊಳಕ್ಕೆ ಚರಂಡಿಯ ನೀರು ನುಸುಳಿದ ಕಡೆ ಅದು ಇಂದಿಗೂ ತಲೆಯೆತ್ತುತ್ತದೆ. ನದಿಯ ಮೇಲಿನ ಭಕ್ತಿಗೂ ಕುಡಿಯುವ ನೀರನ್ನು ಕಾಯಿಸಿ ಆರಿಸುವುದಕ್ಕೂ ವಿರೋಧವಿಲ್ಲವೆಂಬುದನ್ನು ಮಕ್ಕಳ ಮನಸ್ಸಿನಲ್ಲಿ ನೆಲೆಗೊಳಿಸುವುದು ಶಾಲೆಗಳ ಕರ್ತವ್ಯ.

ಮೈಸೂರು ಸೀಮೆಯಲ್ಲಿ ವೈದ್ಯವಿದ್ಯೆಗೆ ದೀರ್ಘ ಪರಂಪರೆಯಿದೆ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ೧೯೩೦ರಲ್ಲಿ ಮೈಸೂರಿಗೆ ಬಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ; ೧೯೮೪ರಲ್ಲಿ ಆರಂಭವಾದ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿದೆ. ನಂಜನಗೂಡು, ನರಸೀಪುರಗಳ ಹಳ್ಳಿಶಾಲೆಗಳಲ್ಲಿ ಕಲಿಯುವ ಹುಡುಗ ಹುಡುಗಿಯರಿಗೆ ಈ ಬಾಗಿಲುಗಳು ದೂರವೇನಲ್ಲ. ಆದರೆ ವೈದ್ಯರಾಗಬೇಕೆನ್ನುವವರಲ್ಲಿ ರೋಗಿಯ ನಾಡಿ ಹಿಡಿಯುವ ಆಸೆ ಇರುವಷ್ಟು ಸೂಕ್ಷ್ಮದರ್ಶಕದ ಮುಂದೆ ಕೂರುವ ಆಸೆ ಇರುವುದು ಅಪರೂಪ. ಆಸ್ಪತ್ರೆಗಳಲ್ಲಿ ರೋಗ ತಿಳಿಯಲೆಂದು ನಡೆಸುವ ಶವಪರೀಕ್ಷೆಗಳೂ ಪ್ರಪಂಚದಾದ್ಯಂತ ಕಡಿಮೆಯಾಗುತ್ತಿವೆ. ಅಗಲಿದವರ ದೇಹವನ್ನು ಪರೀಕ್ಷೆಗೆ ಒಪ್ಪಿಸಲು ಬಂಧುಗಳ ಮನಸ್ಸು ಹಿಂಜರಿಯುವುದು ಸಹಜ. ಆ ಹಿಂಜರಿಕೆಯನ್ನು ಮೀರಿ ಕಲ್ಕತ್ತೆಯ ಕೆಲವು ಮನೆಗಳವರು ಒಪ್ಪದೆ ಹೋಗಿದ್ದರೆ ದೇ ಅವರ ಮೊದಲ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಹೆಸರು ತಿಳಿಯದ ಆ ಮನೆಯವರೂ ಈ ಉಪಕಾರದಲ್ಲಿ ಪಾಲುಗಾರರು.

ಮೊಲ, ದಾರ, ಸೋಸುವ ಸಲಕರಣೆ, ಸೂಕ್ಷ್ಮದರ್ಶಕ : ಡಾ. ದೇ ಅವರ ಪ್ರಯೋಗಕ್ಕೆ ಬೇಕಾದ ಮುಖ್ಯ ಸಾಮಗ್ರಿ ಇಷ್ಟೇ. ಇವು ಅಂದು ದೇಶದ ಯಾವುದೇ ಸಾಧಾರಣ ಪ್ರಯೋಗಾಲಯದಲ್ಲಿ ಸಿಕ್ಕುತ್ತಿದ್ದುವು. ಸಿಕ್ಕದೆ ಇದ್ದದ್ದು ಸರಿಯಾದ ಪ್ರಶ್ನೆ. ಶಾಲೆಯ ಪುಟ್ಟ ಪ್ರಯೋಗಾಲಯಕ್ಕೆ ಒಂದು ಸೂಕ್ಷ್ಮದರ್ಶಕ ಕೊಡಿಸುವ ದಾನಿಗಳೂ, ‘ಪುಸ್ತಕದಲ್ಲಿ ಹೀಗಿದೆಯಲ್ಲ, ಅದು ನಿಜವೇ?’ ಎಂದು ಕೇಳಿದ ವಿದ್ಯಾರ್ಥಿಯನ್ನು ಗದರಿಸದೆ ‘ನೋಡೋಣ ಬಾ’ ಎಂದು ಕರೆಯುವ ಉಪಾಧ್ಯಾಯರೂ ಅಂತಹ ಪ್ರಶ್ನೆಗೆ ಎಡೆಮಾಡಿಕೊಡಬಲ್ಲರು. ಮಳೆಗಾಲದ ರಾತ್ರಿ ಕಪಿಲೆಯ ದಂಡೆಯ ಒಂದು ಮನೆಯಲ್ಲಿ ಮಗುವಿಗೆ ಭೇದಿ ಹಿಡಿದಾಗ ತಾಯಿಯು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಚಮಚದಿಂದ ಗುಟುಕು ಗುಟುಕಾಗಿ ಕುಡಿಸುತ್ತಾಳೆ. ಬೆಳಗಾಗುವ ಹೊತ್ತಿಗೆ ಮಗು ಕಣ್ಣು ತೆರೆಯುತ್ತದೆ. ಆ ತಾಯಿಗೆ ಶಂಭುನಾಥ ದೇ ಅವರ ಹೆಸರು ಗೊತ್ತಿರಬೇಕಾಗಿಲ್ಲ. ಅವಳ ಮಗನಿಗೋ ಮಗಳಿಗೋ ಪಾಠ ಹೇಳುವವರಿಗೆ ಮಾತ್ರ ಗೊತ್ತಿರಬೇಕು.